ಕಾಶೀವಾಸವೆಂಬ ಹಳೆಯ ಕಾಯಿಲೆ ಮತ್ತು ಅಕ್ಕನ ಪಿತ್ತಕೋಶ

ಗೋದೌಲಿಯಾದ ಸೀರೆಯಂಗಡಿಯ ನೆತ್ತಿಯ ಮೇಲೆ, ಎರಡನೆಯ ಮಹಡಿಯಲ್ಲಿ ವಿರಾಜಮಾನರಾಗಿರುವ ಆರೋಗ್ಯ ವಿಮಾ ಕಚೇರಿಯ ಮಾನ್ಯ ವ್ಯವಸ್ಥಾಪಕರೇ,

ನನ್ನ ಅಕ್ಕ ತಾರಾದೇವಿ ಸಾಯಲೆಂದೇ ಕಾಶಿಗೆ ಬಂದವಳಾದ್ದರಿಂದ ಅವಳ ಪಿತ್ತಕೋಶದ ಕಲ್ಲು ತೆಗೆಸುವ ಖರ್ಚನ್ನು ಕೊಡಲು ಬರುವುದಿಲ್ಲ ಎಂದು ತಮ್ಮ ಕಚೇರಿಯಿಂದ ಕಳೆದ ವಾರ ಕಾಗದ ಬಂದಿದೆ. ಅದನ್ನು ನಾನು ಮೂರು ಸಲ ಓದಿದೆ. ಮೊದಲ ಸಲ ಕನ್ನಡಕವಿಲ್ಲದೆ, ಎರಡನೆಯ ಸಲ ಕನ್ನಡಕ ಹಾಕಿಕೊಂಡು, ಮೂರನೆಯ ಸಲ ನನ್ನ ಕಣ್ಣಿನ ಮೇಲೆ ನಂಬಿಕೆ ಹೋಗಿ ಹೆಂಡತಿಯ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಮೂರು ಸಲವೂ ಅದು ಅದನ್ನೇ ಹೇಳಿತು. ತಮ್ಮ ಕಚೇರಿಯಿಂದ ಬಂದ ಕಾಗದಗಳಲ್ಲಿ ಅರ್ಥವಾದದ್ದು ಇದೊಂದೇ ಎಂಬ ಸಂತೋಷವನ್ನೂ ಮರೆಮಾಚದೆ ಇಲ್ಲಿ ದಾಖಲಿಸುತ್ತಿದ್ದೇನೆ.

ಪತ್ರವನ್ನು ಕನ್ನಡದಲ್ಲಿ, ಅದೂ ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ತಾವು ಹುಬ್ಬೇರಿಸಬಹುದು. ತಮಗೆ ಕನ್ನಡ ಬಾರದು, ನಿಜ. ಆದರೆ ತಾವು ನಮಗೆ ಕಳಿಸಿದ ನಲವತ್ತೆರಡು ಪುಟಗಳ ಪಾಲಿಸಿ ಯಾವ ಭಾಷೆಯಲ್ಲಿದೆ ಎಂಬುದು ನಮಗೂ ಗೊತ್ತಾಗಿಲ್ಲ. ಅಕ್ಷರಗಳು ಇಂಗ್ಲಿಷಿನವು. ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಪಾಚಿಗಳ ಮೇಲೆ ಇಂಗ್ಲಿಷಿನಲ್ಲೇ ಪುಸ್ತಕ ಬರೆದು, ಅದನ್ನು ಯಾರೂ ಓದದಂತೆ ನೋಡಿಕೊಂಡವನು. ಅಂಥ ನನಗೇ ತಮ್ಮ ಪಾಲಿಸಿ ತಲೆಬಾಗಿಲು ತೆರೆಯಲಿಲ್ಲ. ಒಂದು ವಾಕ್ಯವಂತೂ ಹನ್ನೊಂದನೆಯ ಪುಟದಲ್ಲಿ ‘ಆದಾಗ್ಯೂ’ ಎಂದು ಹೊರಟು, ಹದಿಮೂರನೆಯ ಪುಟದ ‘ಹೊರತುಪಡಿಸಿ’ ಎಂಬಲ್ಲಿ ಕೂತು ದಣಿವಾರಿಸಿಕೊಂಡು, ಕೊನೆಗೆ ಮೂರನೆಯ ಅನುಬಂಧಕ್ಕೆ ಹೋಗಿ ಪ್ರಾಣ ಬಿಡುತ್ತದೆ. ಕಾಶಿಯಲ್ಲಿ ಪ್ರಾಣ ಬಿಟ್ಟ ಆ ವಾಕ್ಯಕ್ಕೆ ಮುಕ್ತಿ ಸಿಕ್ಕಿತು, ಓದಿದವನಿಗೆ ಸಿಗಲಿಲ್ಲ. ಆದ್ದರಿಂದ, ತಾವು ನಮಗೆ ತಿಳಿಯದ್ದನ್ನು ಕಳಿಸಿದಿರಿ, ನಾವು ತಮಗೆ ತಿಳಿಯದ್ದನ್ನು ಕಳಿಸುತ್ತಿದ್ದೇವೆ. ಬೀಗರ ನಡುವಿನ ಮುಯ್ಯಿ ಎಂದು ತಿಳಿಯತಕ್ಕದ್ದು. ಅಷ್ಟಾಗಿಯೂ ತಿಳಿಯಲೇಬೇಕೆನಿಸಿದರೆ ಹಿಂದಿಯಲ್ಲಿ ಓದಿ ಹೇಳಲು ಇಲ್ಲಿನ ಕನ್ನಡಿಗರ ಮಠದ ಗುಮಾಸ್ತರಾದ ಕೊಟ್ಟೂರಯ್ಯನವರನ್ನು ಕಳಿಸಿಕೊಡುತ್ತೇನೆ. ಅವರ ಬರವಣಿಗೆಯ ಪರಿಚಯ ತಮಗೆ ಈಗಾಗಲೇ ಇದೆ. ಈ ಎಲ್ಲ ರಾಮಾಯಣಕ್ಕೆ ಮೂಲ ಅವರೇ.

ಮೊದಲು ನನ್ನ ಅಕ್ಕನ ವಿಷಯ. ಅವಳು ಗದಗಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವಳು. ಮೂರು ವರ್ಷದ ಹಿಂದೆ, ಅರವತ್ನಾಲ್ಕನೆಯ ವಯಸ್ಸಿನಲ್ಲಿ, ಇನ್ನು ಕೊನೆಯವರೆಗೆ ಕಾಶಿಯಲ್ಲೇ ಇರುವವಳೆಂದು ಒಂದು ಟ್ರಂಕು, ಒಂದು ಶಾವಿಗೆ ಒತ್ತುವ ಮಣೆ ಹಿಡಿದುಕೊಂಡು ರೈಲಿಳಿದಳು. ನನ್ನ ಮನೆಯಲ್ಲೇ ಇರು ಎಂದು ನಾನು, ನನ್ನ ಹೆಂಡತಿ ವಿಜಯಾ ಇಬ್ಬರೂ ಬೇಡಿಕೊಂಡೆವು. ತಮ್ಮನ ಮನೆಯಲ್ಲಿದ್ದರೆ ಅದು ತವರುವಾಸವಾಗುತ್ತದೆಯೇ ಹೊರತು ಕಾಶೀವಾಸವಾಗುವುದಿಲ್ಲ ಎಂದು ಹೇಳಿ, ಮಠದಲ್ಲಿ ಒಂದು ಕೋಣೆ ಹಿಡಿದಳು. ಅಂದಿನಿಂದ ಅವಳ ದಿನಚರಿ ನೋಡಿದವರಿಗೆ ಈಕೆಗೆ ಸಾಯಲು ಪುರುಸೊತ್ತು ಯಾವಾಗ ಎಂಬ ಚಿಂತೆ ಹತ್ತುತ್ತದೆ. ಬೆಳಕು ಹರಿಯುವ ಮುಂಚೆ ಗಂಗೆಯಲ್ಲಿ ಸ್ನಾನ, ಲಿಂಗಪೂಜೆ. ಆಮೇಲೆ ಬಂಗಾಲಿ ಟೋಲಾದ ತರಕಾರಿಯವರೊಂದಿಗೆ ಅರ್ಧ ಹಿಂದಿ ಅರ್ಧ ಗದಗಿನಲ್ಲಿ ಯುದ್ಧ. ಮಧ್ಯಾಹ್ನ ಹನುಮಾನ್ ಘಾಟ್‌ನ ಮಕ್ಕಳಿಗೆ ಕನ್ನಡ ಅಕ್ಷರಾಭ್ಯಾಸ. ಮನೆಯಲ್ಲಿ ಕನ್ನಡವಿದ್ದೂ ಬೀದಿಯ ಹಿಂದಿಗೆ ಜಾರಿಹೋದ ಆ ಮಕ್ಕಳನ್ನು ಕಿವಿ ಹಿಂಡಿ ‘ಅ’ಕಾರಕ್ಕೆ ಎಳೆದು ತರುವ ಕೆಲಸ. ಆ ಕ್ಲಾಸಿಗೆ ಹೆದರಿ ಇಬ್ಬರು ಮಕ್ಕಳು ಹಿಂದಿಯಲ್ಲೂ ಮಾತಾಡುವುದನ್ನು ಬಿಟ್ಟಿದ್ದಾರೆ.

ತಮ್ಮ ಏಜೆಂಟ್ ಮನೋಜ್ ಎಂಬ ಮಧುರಭಾಷಿ ಈ ಸಂಸಾರದೊಳಗೆ ಕಾಲಿಟ್ಟದ್ದು ಎರಡು ವರ್ಷದ ಹಿಂದೆ. ನನಗೆ ವಿಶ್ವವಿದ್ಯಾಲಯದ ಪಿಂಚಣಿದಾರರ ವೈದ್ಯಕೀಯ ಸೌಲಭ್ಯವಿದೆ. ಅದು ನನ್ನನ್ನೂ ಹೆಂಡತಿಯನ್ನೂ ಗುರುತಿಸುತ್ತದೆ, ಅಕ್ಕನನ್ನು ಗುರುತಿಸುವುದಿಲ್ಲ. ಅಕ್ಕನಿಗೊಂದು ವಿಮೆ ಇರಲಿ ಎಂದು ನಾನೇ ಅವನನ್ನು ಕರೆಸಿದೆ. ಅವನು ಒಂದರ ಬದಲು ಎರಡು ತಂದ. ಮೊದಲನೆಯದು ಮೂಲ ಪಾಲಿಸಿ. ಎರಡನೆಯದು ಪೂರಕ ಪಾಲಿಸಿ. ಮೂಲ ಸಾಲದೆ ಬಂದರೆ ಉಳಿದದ್ದನ್ನು ಅದು ನೋಡಿಕೊಳ್ಳುತ್ತದಂತೆ. ಯಾವುದರಲ್ಲಿ ಏನಿದೆ, ಏನಿಲ್ಲ ಎಂದು ಕೇಳಿದೆ. “ಪ್ರೊಫೆಸರ್ ಸಾಹಬ್, ಸಬ್ ಕುಛ್ ಹೈ” ಎಂದ. ಎಲ್ಲವೂ ಇದೆ ಎಂದಮೇಲೆ ಏನಿಲ್ಲ ಎಂದು ಮತ್ತೆ ಕೇಳುವುದು ಅಸಭ್ಯತೆಯಾಗುತ್ತದೆ ಎಂದು ಸುಮ್ಮನಾದೆ. ಎರಡಕ್ಕೂ ಅಕ್ಕ ತನ್ನ ಪಿಂಚಣಿಯಿಂದಲೇ ಕಂತು ಕಟ್ಟಿದಳು. ನಾನು ಕೊಡುತ್ತೇನೆಂದರೆ ನನ್ನನ್ನು ಮೂರನೆಯ ಇಯತ್ತೆಯ ಹುಡುಗನನ್ನು ನೋಡುವಂತೆ ನೋಡಿದಳು.

ಈಗ ಕೊಟ್ಟೂರಯ್ಯನವರ ಪ್ರವೇಶ. ವಾರಾಣಸಿಯ ಕನ್ನಡಿಗರಾದ ನಮಗೊಂದು ಪದ್ಧತಿಯಿದೆ, ಮಾನ್ಯರೇ. ಪಡಿತರ ಚೀಟಿಯಿರಲಿ, ಗ್ಯಾಸಿರಲಿ, ಯಾವ ಅರ್ಜಿ ಕೈಗೆ ಬಂದರೂ ನಾವು ಓದುವುದಿಲ್ಲ. ಮಠಕ್ಕೆ ಒಯ್ದು ಕೊಟ್ಟೂರಯ್ಯನವರ ಮುಂದಿಡುತ್ತೇವೆ. ಅವರ ಹಿಂದಿ ಅಕ್ಷರ ಮುತ್ತಿನಂಥದ್ದು. ಮೂವತ್ತು ವರ್ಷದಿಂದ ಅವರು ಮಠದ ಯಾತ್ರಿಕರ ದಫ್ತರ ಬರೆಯುತ್ತಿದ್ದಾರೆ. ಆ ದಫ್ತರದಲ್ಲಿ ಐದೇ ಕಾಲಂ: ಹೆಸರು, ಊರು, ಬಂದ ಕಾರಣ, ಎಷ್ಟು ದಿನ ಇರುವವರು, ಹಿಂದೆ ನೋಡಿಕೊಳ್ಳುವವರು ಯಾರು. ಭೂಮಿಯ ಮೇಲಿನ ಯಾವ ಸರ್ಕಾರದ ಯಾವ ಅರ್ಜಿಯಾದರೂ ಈ ಐದನ್ನೇ ತಿರುಗಾಮುರುಗಾ ಕೇಳುತ್ತದೆ ಎಂಬುದು ಅವರ ಸಿದ್ಧಾಂತ. ನನ್ನ ಗ್ಯಾಸ್ ಸಂಪರ್ಕದ ಅರ್ಜಿಯಲ್ಲಿ ‘ಈ ಊರಿಗೆ ಬಂದ ಕಾರಣ: ಪ್ರಾರಬ್ಧ’ ಎಂದು ಬರೆದಿದ್ದರು. ಗ್ಯಾಸ್ ಬಂತು. ಹೀಗಿರುವಾಗ ಅವರ ಸಿದ್ಧಾಂತ ತಪ್ಪೆಂದು ಹೇಳಲು ನಾವು ಯಾರು?

ತಮ್ಮ ಅರ್ಜಿಯಲ್ಲಿ ಖಾಯಂ ವಿಳಾಸ ಒಂದು, ಈಗಿನ ವಿಳಾಸ ಒಂದು ಕೇಳಿ, ಎರಡೂ ಬೇರೆಯಾಗಿದ್ದರೆ ಕಾರಣವೇನು ಎಂದಿತ್ತು. ಕೊಟ್ಟೂರಯ್ಯನವರು ಮಠದ ದಫ್ತರ ತೆಗೆದು, ಅಕ್ಕ ಬಂದ ದಿನ ತಾವೇ ಬರೆದದ್ದನ್ನು ನೋಡಿಕೊಂಡು, ಅಲ್ಲಿದ್ದಂತೆಯೇ ಇಲ್ಲಿಗಿಳಿಸಿದರು. ಕಾರಣ: ಕಾಶೀವಾಸ. ಎಷ್ಟು ಕಾಲ: ದೇಹಾಂತದವರೆಗೆ. ನಾಮಿನಿ: ವಿಶ್ವನಾಥ. ಸಂಬಂಧ: ಒಡೆಯ. ವಯಸ್ಸು: ಅನಾದಿ. ವಿಳಾಸ: ಎಲ್ಲ ಕಡೆ.

ಅಕ್ಕ ಓದಿ ನೋಡಿ, ಎಲ್ಲವೂ ಸತ್ಯವೆಂದು ಖಾತ್ರಿ ಮಾಡಿಕೊಂಡು ಸಹಿ ಹಾಕಿದಳು. ನಾನು ಓದದೆಯೇ ಸಾಕ್ಷಿ ಹಾಕಿದೆ. ಮನೋಜ್ ಅದನ್ನು ಚೀಲಕ್ಕೆ ತುರುಕಿಕೊಂಡು ಹೋದ. ತಮ್ಮ ಕಚೇರಿಯಲ್ಲಿ ನಾಲ್ಕು ಜನ ಅದರ ಮೇಲೆ ನಾಲ್ಕು ಮೊಹರು ಒತ್ತಿದರು. ಈ ನಾಲ್ವರಲ್ಲಿ ಒಬ್ಬರಾದರೂ ಓದಿದ್ದರೆ ಮೊಹರು ಹಿಡಿದ ಕೈ ನಡುಗಬೇಕಿತ್ತಲ್ಲವೇ? ನಡುಗಲಿಲ್ಲ. ಪಾಲಿಸಿ ಬಂತು, ಜೊತೆಗೆ ಗಣಪತಿಯ ಚಿತ್ರವಿದ್ದ ಕ್ಯಾಲೆಂಡರೂ ಬಂತು. ತಮ್ಮ ಕಂಪ್ಯೂಟರಿನಲ್ಲಿ ಅನಾದಿಗೆ ಜಾಗವಿಲ್ಲದ್ದರಿಂದ ನಾಮಿನಿಯ ವಯಸ್ಸಿನ ಜಾಗದಲ್ಲಿ ಸೊನ್ನೆಯಿತ್ತು. ಎರಡು ತಿಂಗಳ ಮೇಲೆ ಮತ್ತೊಂದು ಕಾಗದ ಬಂತು: ನಾಮಿನಿ ಅಪ್ರಾಪ್ತ ವಯಸ್ಕನಾದ್ದರಿಂದ ಪಾಲಕರ ಹೆಸರು ತಿಳಿಸತಕ್ಕದ್ದು. ಕೊಟ್ಟೂರಯ್ಯನವರು ಸ್ವಲ್ಪವೂ ಯೋಚಿಸದೆ ‘ಅನ್ನಪೂರ್ಣಾ, ಇದೇ ಊರು’ ಎಂದು ಬರೆದು ಕಳಿಸಿದರು. ಅದಕ್ಕೂ ತಮ್ಮಿಂದ ಸ್ವೀಕೃತಿ ಪತ್ರ ಬಂದಿದೆ, ಕಾದಿಟ್ಟಿದ್ದೇನೆ.

ಹೀಗೆ ದೇವಾನುದೇವತೆಗಳ ಸಮೇತ ವಿಮೆ ನೆಮ್ಮದಿಯಾಗಿ ನಡೆದಿತ್ತು. ಈ ಶ್ರಾವಣದಲ್ಲಿ ಅಕ್ಕನಿಗೆ ಹೊಟ್ಟೆನೋವು ಶುರುವಾಯಿತು. ಮೊದಮೊದಲು ಬೆಳಗಿನ ಕಚೌರಿಯ ಮೇಲೆ ತಪ್ಪು ಹೊರಿಸಿದಳು. ದಸರೆ ಕಳೆದ ಮೇಲೆ ಒಂದು ದಿನ ಸ್ನಾನ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದವಳು ನಡುವೆಯೇ ಕೂತುಬಿಟ್ಟಳು. ಏಳಲಾಗಲಿಲ್ಲ. ದೋಣಿಯವರಿಬ್ಬರು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ತಂದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಈ ಪತ್ರದಲ್ಲಿ ನಾನು ಏನೇ ನಗೆಯಾಡಿದರೂ ಆ ಮುಖ ನನ್ನ ಕಣ್ಣ ಮುಂದೆ ಇದೆ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ತಮ್ಮದೇ ಪಟ್ಟಿಯಲ್ಲಿರುವ ನರ್ಸಿಂಗ್ ಹೋಮ್ ಒಂದರಲ್ಲಿ ಡಾಕ್ಟರ್ ಅಮೃತ ಎಂಬ ಹುಡುಗಿ ಶಸ್ತ್ರವೈದ್ಯೆ. ದಾವಣಗೆರೆಯವಳು, ಇಲ್ಲಿಗೆ ಓದಲು ಬಂದು ಇಲ್ಲೇ ನಿಂತವಳು. ಪರೀಕ್ಷೆ ಮಾಡಿ, ಪಿತ್ತಕೋಶದ ತುಂಬ ಕಲ್ಲು, ತೆಗೆಯಲೇಬೇಕು ಎಂದಳು. ನಾನು ನಮ್ಮ ಕುಲದ ಹಳೆಯ ಚಾಳಿಯಂತೆ, ಸ್ವಲ್ಪ ದಿನ ಕಾಯಬಹುದೇ ಎಂದೆ. “ಅಂಕಲ್, ಒಂದು ಕಲ್ಲು ನಾಳಕ್ಕೆ ಜಾರಿದ್ರೆ ಕಾಮಾಲೆ, ಜ್ವರ, ಎಲ್ಲಾ ಒಟ್ಟಿಗೆ ಬರುತ್ತೆ. ಆಮೇಲೆ ನೀವು ಕಾಯೋದಲ್ಲ, ನಾವು ಓಡೋದು,” ಎಂದಳು. ನವೆಂಬರ್ ಇಪ್ಪತ್ತಮೂರು, ಸೋಮವಾರ ಎಂದು ದಿನ ಗೊತ್ತುಮಾಡಿ, ತಮ್ಮ ಒಪ್ಪಿಗೆ ತರಿಸಿಕೊಳ್ಳಿ ಎಂದು ಚೀಟಿ ಕೊಟ್ಟಳು.

ಆಗ ನಾನು ಪಾಲಿಸಿಯೊಳಗೆ ಏನಿದೆ ಎಂದು ತಿಳಿಸುವ ಮನುಷ್ಯನನ್ನು ಹುಡುಕಿಕೊಂಡು ಹೊರಟೆ. ಗಂಗೆಯ ಮೂಲ ಹುಡುಕಿ ಹೋದವರು ಕೂಡ ಕೊನೆಗೊಂದು ಗುಹೆ ಕಂಡಿದ್ದಾರೆ. ನನಗೆ ಅದೂ ಸಿಗಲಿಲ್ಲ. ಮನೋಜ್ ಈಗ ವಿಮೆ ಬಿಟ್ಟು ಮೊಬೈಲ್ ಸಿಮ್ ಮಾರುತ್ತಿದ್ದಾನೆ. ನನ್ನನ್ನು ಕಂಡು ಕಾಲು ಮುಟ್ಟಿ ನಮಸ್ಕರಿಸಿ, ಒಂದು ಸಿಮ್ ಕೊಟ್ಟ. ಅದೇ ಸಿಮ್‌ನಿಂದ ತಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಲಖನೌದಲ್ಲಿ ಕೂತ ಧ್ವನಿ ಹದಿನಾರು ಅಂಕಿ ಒತ್ತಲು ಹೇಳಿತು. ಒತ್ತಿದೆ. ಮೂಲ ಪಾಲಿಸಿಯ ಕನ್ಯೆ, ಇದು ದೊಡ್ಡ ಖರ್ಚು, ಪೂರಕದವರನ್ನು ಕೇಳಿ ಎಂದಳು. ಪೂರಕದ ಕನ್ಯೆ, ಮೂಲದವರು ಕೊಟ್ಟು ಮುಗಿಸಿದ ಮೇಲೆ ಬನ್ನಿ ಎಂದಳು. ಇಬ್ಬರ ಧ್ವನಿಯೂ ಒಂದೇ ಇತ್ತು. ಒಬ್ಬಳೇ ಎರಡು ಕುರ್ಚಿಯ ಮೇಲೆ ಸರಿದು ಕೂರುತ್ತಿದ್ದಳೋ ಏನೋ. ಕೊನೆಗೆ ಡಾಕ್ಟರ ಚೀಟಿ ಹಿಡಿದು ತಮ್ಮ ಕಚೇರಿಯ ಮೆಟ್ಟಿಲು ಹತ್ತಿದೆ. ‘ನಾನು ತಮಗೆ ಸಹಾಯ ಮಾಡಬಹುದೇ?’ ಎಂಬ ಫಲಕ ಕಂಡು ಕಣ್ಣು ತುಂಬಿ ಬಂತು. ಮಾಡಬಹುದು ಎಂದು ಗಟ್ಟಿಯಾಗಿಯೇ ಹೇಳಿದೆ. ಫಲಕದ ಹಿಂದಿನ ಕುರ್ಚಿಯಲ್ಲಿ ಕಡತಗಳು ಕೂತಿದ್ದವು. ಪಕ್ಕದ ಮೇಜಿನ ಗುಮಾಸ್ತರು ಒಳ್ಳೆಯವರು, ಆದರೆ ಆಗಷ್ಟೇ ಪಾನ್ ಹಾಕಿಕೊಂಡಿದ್ದರು. ಚೀಟಿ ತೆಗೆದಿಟ್ಟುಕೊಂಡು, ಹತ್ತು ನಿಮಿಷ ಆಕಾಶ ನೋಡುತ್ತ, ಕೈಸನ್ನೆಯಿಂದಲೇ ನನಗೆ ಎರಡೂ ಪಾಲಿಸಿಗಳನ್ನು ವಿವರಿಸಿದರು. ಪ್ರಾಮಾಣಿಕವಾಗಿ ಹೇಳುತ್ತೇನೆ, ಇಡೀ ಹನ್ನೆರಡು ದಿನದ ಅಲೆದಾಟದಲ್ಲಿ ನನಗೆ ಸಿಕ್ಕ ಅತಿ ಸ್ಪಷ್ಟ ವಿವರಣೆ ಅದೇ.

ಇದನ್ನೆಲ್ಲ ಅಕ್ಕನ ಮುಂದೆ ತೋಡಿಕೊಂಡೆ. ಅವಳು ಬಿಸಿನೀರಿನ ಚೀಲ ಹೊಟ್ಟೆಗೆ ಒತ್ತಿಕೊಂಡೇ ಕೇಳಿದಳು. “ಅಂದ್ರ, ಅತ್ತಿ ಉಂಡ ಮ್ಯಾಲೆ ಸೊಸಿ ಉಣಬೇಕು. ಅತ್ತಿ ಇವತ್ತ ಉಪಾಸ ಅಂತಾಳ. ಇಷ್ಟ ಹೌದಲ್ಲ?” ಎಂದಳು. ಇಷ್ಟೇ, ಮಾನ್ಯರೇ. ನಲವತ್ತೆರಡು ಪುಟ, ಮೂರು ಅನುಬಂಧ, ಇಬ್ಬರು ಕನ್ಯೆಯರು ಸೇರಿ ಹೇಳಲಾಗದ್ದನ್ನು ಹೊಟ್ಟೆನೋವಿನವಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ತಮ್ಮ ಖಾಲಿ ಕುರ್ಚಿಗೆ ಅವಳನ್ನೇ ನೇಮಿಸಿಕೊಳ್ಳುವ ವಿಚಾರವನ್ನು ಬಿಡುವಾದಾಗ ಪರಿಶೀಲಿಸಬಹುದು.

ಅಷ್ಟರಲ್ಲಿ ಅತ್ತೆಯ ಉಪವಾಸದ ಕಾರಣ ತಿಳಿಸುವ ತಮ್ಮ ಕಾಗದ ಬಂತು. ಎರಡು ವರ್ಷ ಯಾರೂ ಓದದ ಅರ್ಜಿಯನ್ನು, ಹಣ ಕೇಳಿದ ಮರುದಿನವೇ ತಮ್ಮಲ್ಲಿ ಯಾರೋ ಪಾರಾಯಣ ಮಾಡಿದ್ದಾರೆ. ವಿಮಾದಾರಳು ದೇಹಾಂತವನ್ನು ಉದ್ದೇಶಿಸಿಯೇ ವಾರಾಣಸಿಯಲ್ಲಿ ನೆಲೆಸಿರುವುದಾಗಿ ಸ್ವತಃ ಘೋಷಿಸಿರುತ್ತಾಳೆ; ಈ ಉದ್ದೇಶ ಪಾಲಿಸಿಗಿಂತ ಹಿಂದಿನದು; ಆದ್ದರಿಂದ ಚಿಕಿತ್ಸೆಯು ಘೋಷಿತ ಉದ್ದೇಶಕ್ಕೆ ವ್ಯತಿರಿಕ್ತ. ಆಹಾ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂಚೆಯೇ ಇದ್ದರೆ ಕೊಡುವುದಿಲ್ಲ ಎಂಬುದನ್ನು ಕೇಳಿದ್ದೆ. ಕಾಶೀವಾಸ ಮುಂಚೆಯೇ ಇದ್ದ ಕಾಯಿಲೆ ಎಂಬುದನ್ನು ಇದೇ ಮೊದಲ ಸಲ ಕಲಿತೆ.

ತಮ್ಮ ತರ್ಕವನ್ನು ಒಂದು ಗಳಿಗೆ ಒಪ್ಪಿಕೊಂಡೇ ಕೇಳುತ್ತೇನೆ. ಮದುವೆಯೂಟಕ್ಕೆಂದು ಬೆಂಗಳೂರಿಗೆ ರೈಲು ಹತ್ತಿದವನಿಗೆ ನಡುದಾರಿಯಲ್ಲಿ ಹಸಿವಾಯಿತು. ‘ನೀನು ಹೊರಟದ್ದು ಮದುವೆಯೂಟಕ್ಕೆ, ಇಟಾರ್ಸಿಯಲ್ಲಿ ಪೂರಿ ತಿನ್ನುವುದು ನಿನ್ನ ಘೋಷಿತ ಉದ್ದೇಶಕ್ಕೆ ವ್ಯತಿರಿಕ್ತ’ ಎಂದು ಯಾರಾದರೂ ಅವನ ತಟ್ಟೆ ಕಸಿದುಕೊಳ್ಳುತ್ತಾರೆಯೇ? ಈ ಊರಿನಲ್ಲಿ ಸಾಯುವುದಿಲ್ಲ ಎಂದು ಬರೆದುಕೊಟ್ಟು ಬದುಕುತ್ತಿರುವವರು ಯಾರಿದ್ದಾರೆ? ಕೆಳಗಿನ ಸೀರೆಯಂಗಡಿಯ ಮಾಲೀಕರನ್ನು ಕೇಳಿ ನೋಡಿ, ಕಾಶಿ ಬಿಟ್ಟು ಬೇರೆಲ್ಲಿ ಸಾಯುತ್ತೀರಿ ಎಂದು, ಜಗಳಕ್ಕೇ ಬರುತ್ತಾರೆ. ಅವರಿಗೂ ತಮ್ಮದೇ ಪಾಲಿಸಿ ಇದೆಯಂತೆ. ಅವರು ಬಾಯಲ್ಲಿ ಹೇಳುವುದನ್ನು ನನ್ನ ಅಕ್ಕ ಕಾಲಂನಲ್ಲಿ ಬರೆಸಿದಳು. ಸತ್ಯ ಬರೆಯಿರಿ, ಮುಚ್ಚಿಟ್ಟರೆ ಪಾಲಿಸಿ ರದ್ದು ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದವರು ತಾವೇ. ಮುಚ್ಚಿಟ್ಟರೂ ಇಲ್ಲ, ಬಿಚ್ಚಿಟ್ಟರೂ ಇಲ್ಲ ಎಂದರೆ ತಾವು ಹಣ ಕೊಡುವುದು ಯಾರಿಗೆ?

ಈ ತರ್ಕಗಳನ್ನೆಲ್ಲ ನಾನು ಪಾನಿನ ಗುಮಾಸ್ತರ ಮುಂದಿಟ್ಟೆ. ಅಂದು ಅವರ ಬಾಯಿ ಖಾಲಿಯಿತ್ತು. “ಅರೇ ಗುರೂ, ಇಷ್ಟಕ್ಕೆ ಯಾಕೆ ಒದ್ದಾಟ” ಎಂಬ ಅರ್ಥದ ಬನಾರಸಿ ಮಾತಾಡಿ, ಉಪಾಯ ಹೇಳಿಕೊಟ್ಟರು. ವಾರಾಣಸಿಯಲ್ಲಿ ದೇಹ ಬಿಡುವ ಉದ್ದೇಶವನ್ನು ನಾನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ ಎಂದು ಛಾಪಾ ಕಾಗದದ ಮೇಲೆ ಅಕ್ಕ ಒಂದು ಪ್ರಮಾಣಪತ್ರ ಕೊಟ್ಟರೆ ಸಾಕು, ಮರುದಿನವೇ ಒಪ್ಪಿಗೆ. ನಾಚಿಕೆಯಿಂದಲೇ ಬರೆಯುತ್ತೇನೆ, ನಾನು ಅವರ ಕೈ ಕುಲುಕಿದೆ. ಕಚಹರಿಗೆ, ಅಂದರೆ ಇಲ್ಲಿನ ಕೋರ್ಟಿನಂಗಳಕ್ಕೆ ಹೋಗಿ ಹಿಂದಿಯಲ್ಲಿ ಟೈಪು ಮಾಡಿಸಿದೆ. ಅಕ್ಕನ ಮುಂದೆ ಹಿಡಿದೆ.

ಅಕ್ಕ ಮೊದಲು ಪೆನ್ನು ತೆಗೆದುಕೊಂಡು ಎರಡು ಕಾಗುಣಿತದ ತಪ್ಪು ತಿದ್ದಿದಳು. ಆಮೇಲೆ ಕೇಳಿದಳು.

“ತೋಂಟ್ಯಾ, ಇದಕ್ಕ ನಾ ಸಹಿ ಮಾಡಿದ್ರ ಕಾಶಿ ಬಿಟ್ಟಂಗಾತಲ್ಲ?”

“ಬರೇ ಕಾಗದದಾಗ, ಅಕ್ಕ.”

“ಬಂದದ್ದೂ ಕಾಗದದಾಗ ಬರಸೇ ಬಂದೀನಿ.” ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಜೇಬಿಗಿಟ್ಟಳು. “ನಾ ಸಾಯಾಕ ಬಂದೀನಿ, ಖರೆ. ಹೊಟ್ಟಿ ಹಿಡಕೊಂಡು ಒದ್ದಾಡಾಕ ಬಂದಿಲ್ಲ. ಎರಡೂ ಬ್ಯಾರೆ ಬ್ಯಾರೆ ಕಾಲಂ ಅದಾವು. ಹೋಗಿ ಹೇಳು ಅವರಿಗೆ.”

ಹಾಗಾದರೆ ಖರ್ಚು ನಾನೇ ಕೊಡುತ್ತೇನೆ, ಮೊದಲು ಆಪರೇಷನ್ ಆಗಲಿ ಎಂದೆ. ಕಂತು ಕಟ್ಟಿದ್ದು ಅವರಿಗೆ, ನಿನಗಲ್ಲ ಎಂದಳು. ಡಾಕ್ಟರ್ ಅಮೃತ ಬಂದು ತಿಳಿಹೇಳಿದಳು. ಅಕ್ಕ ಆ ಹುಡುಗಿಗೆ ಬಾಳೆಹಣ್ಣು ಕೊಟ್ಟು ಕಳಿಸಿದಳು. ಕೊಟ್ಟೂರಯ್ಯನವರು ಕಣ್ಣಲ್ಲಿ ನೀರು ತಂದುಕೊಂಡು, ತಾವೇ ತಪ್ಪು ಬರೆದದ್ದೆಂದು ತಪ್ಪೊಪ್ಪಿಗೆ ಬರೆದುಕೊಡುವುದಾಗಿ ಬಂದರು. “ನೀವು ಬರದದ್ದು ತಪ್ಪೇನ್ರಿ ಅಯ್ಯನೋರ?” ಎಂದು ಕೇಳಿದಳು. “ತಪ್ಪಲ್ಲರಿ ಅಕ್ಕಾರ,” ಎಂದರು ಅವರು, ಮೂವತ್ತು ವರ್ಷದ ದಫ್ತರದ ಮೇಲಾಣೆ. ಅಲ್ಲಿಗೆ ಆ ದಾರಿಯೂ ಮುಚ್ಚಿತು. ಒಟ್ಟಿನಲ್ಲಿ ಈಗಿನ ಪರಿಸ್ಥಿತಿ ಏನೆಂದರೆ, ಅವಳು ಸುಳ್ಳು ಹೇಳುವುದಿಲ್ಲ, ತಾವು ಸತ್ಯ ಒಪ್ಪುವುದಿಲ್ಲ, ಪಿತ್ತಕೋಶದ ಕಲ್ಲು ಇಬ್ಬರಿಗೂ ಕಾಯುವುದಿಲ್ಲ. ಮೊನ್ನೆ ಮಂಗಳವಾರ ಮತ್ತೆ ನೋವು ಬಂದಿತ್ತು. ಅಂದು ಮಕ್ಕಳಿಗೆ ಪಾಠವಿರಲಿಲ್ಲ. ಕಿವಿ ಹಿಂಡಿಸಿಕೊಳ್ಳಲು ಬಂದ ಮಕ್ಕಳು ಸ್ಲೇಟು ಹಿಡಿದು ಬಾಗಿಲಲ್ಲೇ ನಿಂತಿದ್ದವು.

ಆದ್ದರಿಂದ, ಮಾನ್ಯರೇ, ನನ್ನ ಬೇಡಿಕೆ. ಆ ಫಲಕದ ಹಿಂದಿನ ಕುರ್ಚಿಯಿಂದ ಕಡತಗಳನ್ನು ಎಬ್ಬಿಸಿ ಒಬ್ಬ ಮನುಷ್ಯನನ್ನು ಕೂರಿಸಿ. ಅವನು ಹಿಂದಿಯಲ್ಲಾಗಲಿ ಭೋಜ್‌ಪುರಿಯಲ್ಲಾಗಲಿ, ಯಾವ ಪಾಲಿಸಿ ಮೊದಲು ಉಣ್ಣುತ್ತದೆ, ಯಾವುದು ಆಮೇಲೆ, ಯಾವ ಕಾಯಿಲೆಗೆ ಎಲೆ ಹಾಕುತ್ತಾರೆ, ಯಾವುದನ್ನು ಪಂಕ್ತಿಯಿಂದ ಎಬ್ಬಿಸುತ್ತಾರೆ ಎಂದು ಕಂತು ಕಟ್ಟಿಸಿಕೊಳ್ಳುವ ಮುಂಚೆಯೇ ಹೇಳಲಿ. ಅರ್ಜಿಯನ್ನು ಹಣ ತೆಗೆದುಕೊಳ್ಳುವಾಗ ಒಮ್ಮೆ ಓದಲಿ. ಕೊಡುವಾಗ ಓದುವ ಶ್ರಮ ಉಳಿಯುತ್ತದೆ. ನನ್ನ ಅಕ್ಕನ ಒಪ್ಪಿಗೆ ಪತ್ರ ನವೆಂಬರ್ ಹದಿನೆಂಟು, ಬುಧವಾರದೊಳಗೆ ನರ್ಸಿಂಗ್ ಹೋಮ್‌ಗೆ ತಲುಪಲಿ. ಪ್ರಮಾಣಪತ್ರವಿಲ್ಲದೆ. ಅವಳು ಕಾಶಿಯಲ್ಲೇ ಸಾಯುತ್ತಾಳೆ, ಆದರೆ ಆರೋಗ್ಯವಾಗಿ, ತನಗೆ ಪುರುಸೊತ್ತಾದಾಗ.

ಬುಧವಾರದೊಳಗೆ ತಲುಪದಿದ್ದರೆ ಏನು ಮಾಡಬೇಕೆಂದು ಅಕ್ಕನೇ ತೀರ್ಮಾನಿಸಿದ್ದಾಳೆ. ಗುರುವಾರ ಬೆಳಿಗ್ಗೆ ಹಾಸಿಗೆ ಸುತ್ತಿಕೊಂಡು ಅವಳು ತಮ್ಮ ಕಚೇರಿಗೆ ಬರುತ್ತಾಳೆ. ಗೋದೌಲಿಯಾ ಕಾಶೀಕ್ಷೇತ್ರದ ಎಲ್ಲೆಯೊಳಗೇ ಇದೆಯೆಂದು ಮಠದಲ್ಲಿ ವಿಚಾರಿಸಿಕೊಂಡಿದ್ದಾಳೆ. ಎರಡನೆಯ ಮಹಡಿಯಾದರೂ ಫಲದಲ್ಲಿ ಕಡಿಮೆಯಿಲ್ಲವಂತೆ. ಇನ್ನು ಮುಂದೆ ಅವಳ ಕಾಶೀವಾಸ ತಮ್ಮ ಮೇಜಿನ ಎದುರಿಗೇ. ಎಷ್ಟು ಕಾಲ ಇರುವವಳು ಎಂದು ತಾವು ಕೇಳಬೇಕಾಗಿಲ್ಲ. ತಮ್ಮ ಕಡತದಲ್ಲಿದೆ.

ಇಂತಿ, ಓದದೆ ಸಾಕ್ಷಿ ಹಾಕಿ, ಈಗ ಅತ್ತೆ ಸೊಸೆಯರಿಬ್ಬರ ಎಲೆಯ ಮುಂದೆಯೂ ಹಸಿದು ಕೂತಿರುವ,
ತೋಂಟೇಶ
(ಪಾಚಿಶಾಸ್ತ್ರ ಬಲ್ಲವನು, ಪಾಲಿಸಿಶಾಸ್ತ್ರ ಅರಿಯದವನು)
ವಾರಾಣಸಿ, ನವೆಂಬರ್ ೨೦೦೯